ಪಶು ಡಿಪ್ಲೊಮಾ ಹಿಡಿದು ಒಟ್ಟಾವಾಗೆ ಬಂದವರಿಗೆ

ನಮಸ್ಕಾರ. ಊರಲ್ಲಿ ಪಶುಸಂಗೋಪನೆ ಡಿಪ್ಲೊಮಾ ಮಾಡಿ ಮೂರು ವರ್ಷ ತಾಲ್ಲೂಕು ಪಶು ಆಸ್ಪತ್ರೆಯಲ್ಲಿದ್ದೆ, ಈಗ ಯಜಮಾನರ ಜೊತೆ ಕೆನಡಾದ ಒಟ್ಟಾವಾಗೆ ಬಂದಿದ್ದೇನೆ, ಇಲ್ಲಿ ವೆಟ್ ಟೆಕ್ನಿಷಿಯನ್ (ಪಶುವೈದ್ಯರ ಜೊತೆ ಕೆಲಸ ಮಾಡುವ ನರ್ಸ್ ಥರ) ಆಗಬಹುದಾ, ಅದು ನಮ್ಮ ಕಂಪೌಂಡರ್ ಕೆಲಸದ ಹಾಗೇನಾ ಎಂದು ಕೇಳಿದ್ದೀರಿ.

ಆಗಬಹುದು. ಆದರೆ ಬರೀ ಆ ಡಿಪ್ಲೊಮಾ ತೋರಿಸಿದರೆ ಆಗುವುದಿಲ್ಲ. ಸಾಮಾನ್ಯ ದಾರಿ ಎಂದರೆ ಮಾನ್ಯತೆ ಇರುವ ಕಾಲೇಜಿನಲ್ಲಿ ಎರಡು ವರ್ಷದ ಕೋರ್ಸ್. ಇಲ್ಲಿ ಆಲ್ಗಾಂಕ್ವಿನ್ ಕಾಲೇಜಿನಲ್ಲೇ ಇದೆ, ನಾನು ಓದಿದ್ದೂ ಅಲ್ಲೇ. ಆಮೇಲೆ ವಿಟಿಎನ್ಇ, ಅಂದರೆ ವೆಟ್ ಟೆಕ್ನಿಷಿಯನ್‌ಗಳ ರಾಷ್ಟ್ರೀಯ ಪರೀಕ್ಷೆ. ಮೂರು ಗಂಟೆ, 170 ಪ್ರಶ್ನೆ. ಅಂಕಕ್ಕೆ ಲೆಕ್ಕ 150 ಮಾತ್ರ, ಉಳಿದ 20 ಯಾವುವು ಅಂತ ಹೇಳುವುದಿಲ್ಲ! ಪಾಸಾಗಿ ಹೆಸರು ನೋಂದಾಯಿಸಿದ ಮೇಲೆ ನೀವು ನೋಂದಾಯಿತ ವೆಟ್ ಟೆಕ್ನಿಷಿಯನ್, ಅಂದರೆ ಆರ್‌ವಿಟಿ.

ಕಂಪೌಂಡರ್ ಹೋಲಿಕೆ ಬಿಟ್ಟುಬಿಡಿ. ರೋಗ ಇಂಥದ್ದು ಎನ್ನುವುದು, ಔಷಧಿ ಬರೆಯುವುದು, ಆಪರೇಷನ್ ಮಾಡುವುದು ಡಾಕ್ಟರ ಕೆಲಸ. ರಕ್ತ ತೆಗೆಯುವುದು, ಎಕ್ಸ್-ರೇ, ಲ್ಯಾಬ್, ಹಲ್ಲು ಕ್ಲೀನ್ ಮಾಡುವುದು, ಅರಿವಳಿಕೆ ಕೊಟ್ಟು ಕಾಯುವುದು ಇದೆಲ್ಲ ನಮ್ಮದು. ಊರಲ್ಲಿ ನಿಮ್ಮನ್ನೂ ಜನ 'ಡಾಕ್ಟ್ರೇ' ಅಂತಲೇ ಕರೆದಿರುತ್ತಾರೆ, ಅಲ್ವಾ? ಇಲ್ಲಿ 'ನಾಯಿಗೆ ಏನಾಗಿದೆ?' ಎಂದು ಕೇಳಿದರೆ, ಗೊತ್ತಿದ್ದರೂ 'ಡಾಕ್ಟರ್ ಹೇಳುತ್ತಾರೆ' ಅನ್ನಬೇಕು. ಅದು ರೂಢಿಯಾಗಲು ನನಗೆ ವರ್ಷ ಹಿಡಿಯಿತು.

ಇನ್ನೊಂದು, ಕೈ ಬದಲಾಗಬೇಕು. ಮೂಗುದಾರ ಹಿಡಿದು ಹಸುವಿನ ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿದ ಕೈ ನಿಮ್ಮದು. ಬೆಕ್ಕಿನ ಮುಂಗಾಲಿನ ರಕ್ತನಾಳ ಶಾವಿಗೆ ಎಳೆಯಷ್ಟು. ಒತ್ತಿ ಹಿಡಿದರೆ ಪರಚುತ್ತದೆ, ಟವೆಲ್ ಸುತ್ತಿ ಸಡಿಲವಾಗಿ ಹಿಡಿದರೆ ಎಷ್ಟೋ ಸಲ ಸುಮ್ನಿರುತ್ತದೆ.

ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಂದು ಮುದಿ ಬೆಕ್ಕಿಗೆ ಹಲ್ಲು ಕೀಳುತ್ತಿದ್ದರು. ಅರಿವಳಿಕೆ ನನ್ನ ಪಾಲಿಗೆ ಬಂದಿತ್ತು. ಐದೈದು ನಿಮಿಷಕ್ಕೆ ಎದೆಬಡಿತ, ಉಸಿರು, ಬಿಪಿ ಬರೆಯಬೇಕು. ಇದ್ದಕ್ಕಿದ್ದಂತೆ ಮಾನಿಟರ್‌ನಲ್ಲಿ ಆಮ್ಲಜನಕ 80ಕ್ಕೆ ಇಳಿಯಿತು. ನನ್ನ ಕೈಕಾಲು ತಣ್ಣಗಾದವು. ಸೀನಿಯರ್ ಒಬ್ಬರು ಮಾನಿಟರ್ ಕಡೆ ನೋಡಲೇ ಇಲ್ಲ. ಬೆಕ್ಕಿನ ತುಟಿ ಎತ್ತಿ ವಸಡಿನ ಬಣ್ಣ ನೋಡಿದರು, ಎದೆ ಮೇಲೆ ಕೈ ಇಟ್ಟರು. ಬಣ್ಣ ಗುಲಾಬಿ. ನಾಲಿಗೆ ಒಣಗಿ, ಅದಕ್ಕೆ ಸಿಕ್ಕಿಸಿದ್ದ ಆಮ್ಲಜನಕ ಅಳೆಯುವ ಕ್ಲಿಪ್ ಜಾರಿತ್ತು, ಅಷ್ಟೇ. ಒದ್ದೆ ಗಾಜ್ ಬಟ್ಟೆ ಇಟ್ಟು ಮತ್ತೆ ಸಿಕ್ಕಿಸಿದರು, 98 ಬಂತು. ಈಗಲೂ ನಾನು ಮೊದಲು ವಸಡು ನೋಡುತ್ತೇನೆ, ಆಮೇಲೆ ಮಾನಿಟರ್.

ಸಂಬಳ ಮನುಷ್ಯರ ನರ್ಸ್‌ಗಳಿಗಿಂತ ಕಡಿಮೆ. ಲ್ಯಾಬ್ರಡಾರ್ ಎತ್ತಿ ಎತ್ತಿ ಸೊಂಟ ಹಿಡಿಯುತ್ತದೆ. ದಯಾಮರಣದ ಸೂಜಿಗೆ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವಾಗ ಮನೆಯವರೆಲ್ಲ ಸುತ್ತ ನಿಂತಿರುತ್ತಾರೆ, ಕೈ ನಡುಗಬಾರದು. ಒಂದೇ ದಿನ ಮೂರು ಬಂದರೆ ಮನೆಗೆ ಬಂದು ಅನ್ನ ಸೇರುವುದಿಲ್ಲ.

ಅದಕ್ಕೇ ಫೀಸ್ ಕಟ್ಟುವ ಮೊದಲು ಕೆಲವು ತಿಂಗಳು ಯಾವುದಾದರೂ ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್ ಆಗಿ. ಅದಕ್ಕೆ ನೋಂದಣಿ ಬೇಕಿಲ್ಲ. ರೇಬೀಸ್ ಲಸಿಕೆ ಊರಲ್ಲೇ ಹಾಕಿಸಿಕೊಂಡಿದ್ದರೆ ಆ ಚೀಟಿ ತರಿಸಿಕೊಳ್ಳಿ. ಕರು ಹಾಕಿಸಿದ ಅನುಭವವನ್ನು ರೆಸ್ಯೂಮೆಯಲ್ಲಿ ಮೊದಲ ಸಾಲಿಗೇ ಬರೆಯಿರಿ. ಒಟ್ಟಾವಾದಿಂದ ದಕ್ಷಿಣಕ್ಕೆ ವಿಂಚೆಸ್ಟರ್ ಕಡೆ ಹೋದರೆ ಹಾಲಿನ ಹಸುಗಳ ಫಾರ್ಮ್‌ಗಳು ಜಾಸ್ತಿ, ಅಲ್ಲಿ ಈ ಸಾಲಿಗೆ ಬೆಲೆ ಇದೆ. ಆದರೆ ಅಲ್ಲಿಗೆಲ್ಲ ಬಸ್ ನಂಬಿಕೊಂಡು ಹೋಗಲಾಗುವುದಿಲ್ಲ. ಈ ವಾರವೇ ಡ್ರೈವಿಂಗ್ ಪರೀಕ್ಷೆಯ ಪುಸ್ತಕ ಓದಲು ಶುರು ಮಾಡಿ.