ಇಪ್ಪತ್ತೈದು ಸಾವಿರ ಜನರ ಊರಿಗೆ ಜನರೇ ಸೇರಿ ಹವಾಮಾನ ಕ್ರಿಯಾ ಯೋಜನೆ ಮಾಡುವುದು ಹೇಗೆ?

ಬದಲಾಗುತ್ತಿರುವ ಹವಾಮಾನಕ್ಕೆ ಊರನ್ನು ಸಜ್ಜು ಮಾಡುವ ನಮ್ಮ ಯೋಜನೆಯಲ್ಲಿ ಜನರನ್ನು ತೊಡಗಿಸಿಕೊಳ್ಳುವುದು ಹೇಗೆ, ಬೆಂಗಳೂರಿನ ಮಾದರಿ ಸಿಗುತ್ತದಾ, ನಾಲ್ಕು ಲಕ್ಷ ಕೇಳುವ ಕನ್ಸಲ್ಟೆಂಟ್ ಬೇಕಾ ಅನ್ನೋ ನಿಮ್ಮ ಪ್ರಶ್ನೆ ಓದಿದಾಗ 2019ರ ನನ್ನನ್ನೇ ನೋಡಿದಂತಾಯಿತು. ಹತ್ತು ಹನ್ನೆರಡು ಉತ್ಸಾಹಿಗಳ ಗುಂಪು. ಕೈಯಲ್ಲಿ ದೊಡ್ಡ ಊರುಗಳ ವರದಿ. ಊರಿಂದ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಅಂತ ಲೆಕ್ಕ ಹಾಕೋದು ಹೇಗೆ ಅನ್ನೋ ಚಿಂತೆ, ಕನ್ಸಲ್ಟೆಂಟ್‌ಗೆ ದುಡ್ಡು ಕೊಡಬೇಕಾ ಅನ್ನೋ ಅನುಮಾನ. ನಾವೂ ಅಲ್ಲೇ ಇದ್ದೆವು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಪಟ್ಟಣ ಪಂಚಾಯಿತಿ. ಬರ ನಮಗೆ ಹೊಸದಲ್ಲ. 2016ರಿಂದ 2018ರವರೆಗೆ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದ್ದವು. ವಾರಕ್ಕೊಮ್ಮೆ ಟ್ಯಾಂಕರ್. ಊರ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹಾಗಾಗಿ ನಾವು ಸಮಿತಿ ಮಾಡಿಕೊಂಡಾಗ ಯಾರ ತಲೆಯಲ್ಲೂ ಬರ ಬಿಟ್ಟರೆ ಬೇರೇನೂ ಇರಲಿಲ್ಲ. ಮೇಷ್ಟ್ರು, ಬ್ಯಾಂಕಿನವರು, ಅಂಗಡಿಯವರು, ಒಬ್ಬರು ನಿವೃತ್ತ ಎಂಜಿನಿಯರ್, ನಾನು. ಪ್ರತಿ ಭಾನುವಾರ ಬೆಳಿಗ್ಗೆ 11ಕ್ಕೆ ಸಮುದಾಯ ಭವನದಲ್ಲಿ ಸಭೆ. ಒಂದು ವರ್ಷದಲ್ಲಿ 46 ಪುಟದ ಯೋಜನೆ ತಯಾರಾಯಿತು. ಮುಖಪುಟಕ್ಕೆ ಬಣ್ಣದ ಫೋಟೋ ಹಾಕಿಸಿದೆವು.

ಆ ಯೋಜನೆಯ ದೊಡ್ಡ ಕೆಲಸ ಊರ ಪಕ್ಕದ ಖಾಲಿ ಜಾಗದಲ್ಲಿ ಮರ ಬೆಳೆಸೋದು. ಕೆರೆಯಿಂದ ಕೆಳಕ್ಕೆ ಹೋಗುವ ಅಗಲವಾದ ತಗ್ಗು ಅದು. ಜಾಲಿ ಬೆಳೆದು, ಕಸ ಬಿದ್ದು ಹಾಳಾಗಿತ್ತು. ಕಡತದಲ್ಲಿ ಸರ್ಕಾರಿ ಜಾಗ. ಒಪ್ಪಿಗೆಯೂ ಸುಲಭವಾಗಿ ಸಿಕ್ಕಿತು. 2020ರ ಮಳೆಗಾಲದಲ್ಲಿ 640 ಸಸಿ ನೆಟ್ಟೆವು, ಹೊಂಗೆ, ಬೇವು, ನೇರಳೆ. ಬಿದ್ದ ಮಳೆ ಸಸಿಗಳ ಬುಡದಲ್ಲೇ ಇಂಗಲಿ ಅಂತ ತಗ್ಗಿಗೆ ಅಡ್ಡವಾಗಿ ಮೂರು ಅಡಿ ಎತ್ತರದ ಕಲ್ಲು ಕಟ್ಟೆ ಹಾಕಿಸಿದೆವು. ಹೆಚ್ಚಿನ ನೀರು ಹೋಗಲಿ ಅಂತ ಎರಡು ಪೈಪ್. ದನ ಬರದಿರಲಿ ಅಂತ ಸುತ್ತಲೂ ತಂತಿ ಬೇಲಿ.

ಸಸಿ ನೆಡುವ ದಿನ ಒಬ್ಬ ಅಜ್ಜ ಬಂದು ಬೇಲಿ ಹತ್ತಿರ ನಿಂತಿದ್ದರು. ಹಿಂದೆ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತುವುದು, ಇಳಿಸುವುದು, ಗದ್ದೆಗಳಿಗೆ ಸರದಿ ಮೇಲೆ ನೀರು ಬಿಡುವುದು ಅವರ ಮನೆತನದ ಕೆಲಸ. ಕೆರೆ ಒಣಗಿದ ಮೇಲೆ ಅವರನ್ನು ಕೇಳುವವರೇ ಇರಲಿಲ್ಲ. ಅವರು ನನ್ನ ಹತ್ತಿರ ಬಂದು, "ಸ್ವಾಮಿ, ಇದು ನೀರಿನ ದಾರಿ" ಅಂದರು. ನಾನು, "ಅಜ್ಜ, ನೀರೆಲ್ಲಿದೆ?" ಅಂದೆ. ಸುತ್ತ ಇದ್ದವರು ನಕ್ಕರು. ಅಜ್ಜ ಇನ್ನೊಂದು ಮಾತಾಡದೆ ಹೊರಟು ಹೋದರು.

2022ರ ಆಗಸ್ಟ್ ಕೊನೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಮಳೆ ಹೇಗೆ ಬಂತು ಅಂತ ನಿಮಗೆ ನೆನಪಿರಬಹುದು. ನಮ್ಮ ಜಿಲ್ಲೆಯ ದೊಡ್ಡ ಜಲಾಶಯ ವಾಣಿವಿಲಾಸ ಸಾಗರವೇ ಸೆಪ್ಟೆಂಬರ್ ಮೊದಲ ವಾರ ತುಂಬಿ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ನಮ್ಮ ಕೆರೆ ಅದಕ್ಕೂ ನಾಲ್ಕು ದಿನ ಮುಂಚೆ, ರಾತ್ರಿ ತುಂಬಿತು. ಕೋಡಿ ನೀರು ತನ್ನ ಹಳ್ಳದಲ್ಲಿ, ಅಂದರೆ ನಾವು ಸಸಿ ನೆಟ್ಟ ಆ ತಗ್ಗಿನಲ್ಲೇ, ಇಳಿದು ಬಂತು. ನಮ್ಮ ಬೇಲಿಗೆ ಜಾಲಿ ಕಡ್ಡಿ, ಪ್ಲಾಸ್ಟಿಕ್ ಎಲ್ಲಾ ಸಿಕ್ಕಿಕೊಂಡು ಗೋಡೆಯ ಹಾಗಾಯಿತು. ಎರಡು ಪೈಪೂ ಮುಚ್ಚಿಹೋದವು. ನೀರು ಎಡಕ್ಕೆ ತಿರುಗಿ ಪಕ್ಕದ ಬೀದಿಗೆ ನುಗ್ಗಿತು. 31 ಮನೆ.

ಆ ಬೀದಿಗೆ ಕೋಡಿ ಬೀದಿ ಅಂತಲೇ ಹೆಸರು. ನಮ್ಮ 46 ಪುಟದಲ್ಲಿ ಆ ಹೆಸರು ಆರು ಕಡೆ ಇದೆ. ಆ ಹೆಸರು ಯಾಕೆ ಬಂತು ಅಂತ ನಾವು ಒಬ್ಬರೂ ಕೇಳಲಿಲ್ಲ.

ಇಲ್ಲಿ ಸ್ವಲ್ಪ ತಡೆದು ವಿವರವಾಗಿ ಹೇಳುತ್ತೇನೆ. ನೀವು ಮಾಡಬಹುದಾದ ತಪ್ಪೂ ಇದೇ. ಕೆರೆ ಏರಿ ಮಣ್ಣಿನದು. ಏರಿ ಮೇಲೆ ನೀರು ಹತ್ತಿ ಹರಿದರೆ ಏರಿ ಒಡೆಯುತ್ತದೆ. ಅದಕ್ಕೇ ಹಿಂದಿನವರು ಏರಿಗಿಂತ ತಗ್ಗಿನಲ್ಲಿ ಕಲ್ಲಿನ ಕೋಡಿ ಕಟ್ಟಿದರು. ಕೆರೆ ತುಂಬಿದ ಮೇಲೆ ಎಷ್ಟು ನೀರು ಒಳಗೆ ಬರುತ್ತದೋ ಅಷ್ಟೂ ಕೋಡಿಯಲ್ಲೇ ಹೊರಗೆ ಹೋಗಬೇಕು, ಮುಂದಿನ ಕೆರೆ ಸೇರಬೇಕು. ನಮ್ಮ ಕಡೆ ಕೆರೆಗಳೆಲ್ಲ ಸರಪಳಿ. ಕೋಡಿ ಹಳ್ಳ ಅಷ್ಟು ಅಗಲ ಇರುವುದು ದಿನಾ ಹರಿಯುವ ನೀರಿಗಲ್ಲ, ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬರುವ ಆ ಒಂದು ರಾತ್ರಿಗೆ. ಉಳಿದ ವರ್ಷವೆಲ್ಲ ಅದು ಖಾಲಿ ಜಾಗದ ಹಾಗೆ ಕಾಣುತ್ತದೆ. ನಾವು ಮೋಸ ಹೋಗಿದ್ದು ಅಲ್ಲೇ. ವರ್ಷದ ಸರಾಸರಿ ಮಳೆ ಎಷ್ಟು ಅಂತ ಬರೆದೆವು. ಒಂದೇ ದಿನದಲ್ಲಿ ಅತಿ ಜಾಸ್ತಿ ಬಿದ್ದ ಮಳೆ ಎಷ್ಟು ಅಂತ ನೋಡಲಿಲ್ಲ. ಬಿಸಿ ಹೆಚ್ಚಾದಂತೆ ಗಾಳಿ ಜಾಸ್ತಿ ತೇವ ಹಿಡಿದುಕೊಳ್ಳುತ್ತದೆ, ಸುರಿದರೆ ಒಮ್ಮೆಗೇ ಸುರಿಯುತ್ತದೆ ಅನ್ನೋದು ನಮಗೆ ಗೊತ್ತಿತ್ತು, ವರದಿಯ ಮೂರನೇ ಪುಟದಲ್ಲಿ ನಾನೇ ಬರೆದಿದ್ದೆ! ಆದರೂ ಬರದ ಊರಲ್ಲಿ ನೆರೆ ಬರುತ್ತದೆ ಅಂತ ಮನಸ್ಸಿಗೆ ಇಳಿಯಲಿಲ್ಲ. ಹವಾಮಾನ ಬದಲಾಗುವುದು ಅಂದರೆ ಬರ ಜಾಸ್ತಿ ಆಗುವುದು ಅಂತಷ್ಟೇ ತಿಳಿದಿದ್ದೆವು.

ಇನ್ನೊಂದು, ಭಾನುವಾರ 11 ಗಂಟೆ. ಆ ಹೊತ್ತಿಗೆ ಕೋಡಿ ಬೀದಿಯವರು ಯಾರೂ ಬರಲಾರರು. ಅಲ್ಲಿನ ಹೆಂಗಸರು ಈರುಳ್ಳಿ ಹೊಲಕ್ಕೆ ಕೂಲಿಗೆ ಹೋಗುತ್ತಾರೆ, ಗಂಡಸರು ಗಾರೆ ಕೆಲಸಕ್ಕೆ. ನಾವು ಸಭೆಗೆ ಬಂದವರನ್ನೇ ಊರು ಅಂದುಕೊಂಡೆವು.

ಆ ರಾತ್ರಿ ಎರಡು ಗಂಟೆಗೆ ಜೆಸಿಬಿ ತರಿಸಿ ಕಟ್ಟೆ ಒಡೆಸಿದೆವು. ಜೀವ ಹೋಗಲಿಲ್ಲ, ಅದೊಂದೇ ಸಮಾಧಾನ. ಬೆಳಿಗ್ಗೆ ಏರಿ ಮೇಲೆ ಜನ ಬಾಗಿನ ಹಿಡಿದು ಬಂದರು. ಕೆರೆ ಕೋಡಿ ಬೀಳೋದು ನಮ್ಮಲ್ಲಿ ಹಬ್ಬ ಅಲ್ವಾ. ಮೇಲೆ ಮಂಗಳವಾದ್ಯ. ಕೆಳಗೆ ಕೋಡಿ ಬೀದಿಯಲ್ಲಿ ಒಬ್ಬ ಅಜ್ಜಿ ಬೀಸುಕಲ್ಲಿನ ಗೂಡಿನಿಂದ ಚಮಚದಲ್ಲಿ ಕೆಸರು ತೆಗೆಯುತ್ತಿದ್ದರು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಾಳೆಗಳನ್ನು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದಳು. ಶಾಯಿ ಹರಡಿ ಅಕ್ಷರ ಕಾಣುತ್ತಿರಲಿಲ್ಲ. ವಾರ ಕಳೆದ ಮೇಲೆ ಹೋದಾಗ ನೆಂದ ರಾಗಿ ಮೂಟೆಗಳು ಮೊಳಕೆ ಬಂದಿದ್ದವು. ಚೀಲದ ನೇಯ್ಗೆಯಿಂದ ಬಿಳಿ ಎಳೆಗಳು ಹೊರಗೆ ಬಂದಿದ್ದು ಇವತ್ತಿಗೂ ಕಣ್ಣ ಮುಂದಿದೆ.

ನಾನು ನೀರುಗಂಟಿ ಅಜ್ಜನ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವರು ಚಾಪೆ ಹಾಸಿ ಕೂರಿಸಿದರು. ಬೈಯಲಿಲ್ಲ. "ನಾಳೆ ಬೆಳಗಾಗೆದ್ದು ಬಾ, ತೋರಿಸ್ತೀನಿ" ಅಂದರು. ಮೂರು ದಿನ ಅವರ ಜೊತೆ ನಡೆದೆ, ಮೇಲಿನ ಕೆರೆಯಿಂದ ಕೆಳಗಿನ ಕೆರೆವರೆಗೆ. ಎಲ್ಲಿ ಹಳ್ಳ ಮುಚ್ಚಿ ಸೈಟು ಮಾಡಿದ್ದಾರೆ, ಯಾವ ಮೋರಿ ಸಣ್ಣದು, ಯಾವ ತೂಬು ಕೆಟ್ಟಿದೆ, ಎಲ್ಲಾ ತೋರಿಸಿದರು. ಆ ಮೂರು ದಿನದಲ್ಲಿ ಕಲಿತಿದ್ದು ಆ 46 ಪುಟದಲ್ಲಿ ಒಂದು ಸಾಲೂ ಇರಲಿಲ್ಲ.

ಎರಡನೇ ಸಲ ಯೋಜನೆ ಶುರುವಾಗಿದ್ದು ಕೋಡಿ ಬೀದಿಯಲ್ಲೇ, ರಾತ್ರಿ ಏಳೂವರೆಗೆ, ಅಡುಗೆ ಮುಗಿದ ಮೇಲೆ. ಹೆಂಗಸರೇ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಊರಿನ ನಕ್ಷೆ ಬಿಡಿಸಿದರು. ನೀರು ನಿಂತ ಜಾಗಕ್ಕೆ ಅರಿಶಿನ, ಟ್ಯಾಂಕರ್ ಬಾರದ ಓಣಿಗೆ ಕುಂಕುಮ. ಪೌರಕಾರ್ಮಿಕರು ಯಾವ ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಸಂತೆಯಲ್ಲಿ ತರಕಾರಿ ಮಾರುವವರು ಕೇಳಿದ್ದು ನೆರಳು. ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಕೂರೋಕೆ ಆಗಲ್ಲ ಅಂದರು. ಈ ಮಾತು ಯಾವ ಸಮುದಾಯ ಭವನದಲ್ಲೂ ಬಂದಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ನನಗೆ ಪ್ರಶ್ನೆಯೇ ಒಪ್ಪಿಗೆಯಿಲ್ಲ. "ನಮ್ಮ ಯೋಜನೆಯಲ್ಲಿ ಜನರನ್ನು ತೊಡಗಿಸಿಕೊಳ್ಳುವುದು ಹೇಗೆ" ಅಂತ ಕೇಳಿದ್ದೀರಿ. ಯೋಜನೆ ನಿಮ್ಮದಾಗಿದ್ದರೆ ಜನ ಬರೀ ಸಹಿ ಹಾಕುತ್ತಾರೆ. ನಮ್ಮ ಮೊದಲ ವರದಿಗೂ 900 ಸಹಿ ಇತ್ತು.

ಇಂಗಾಲದ ಲೆಕ್ಕ ಈಗ ಬೇಡ. ನೀವು ಬೆಂಗಳೂರಿನ ಯೋಜನೆಯ ಮಾದರಿ ಕೇಳಿದ್ದೀರಿ. 2023ರ ನವೆಂಬರ್‌ನಲ್ಲಿ ಬಂದ ಆ ಯೋಜನೆ ಕೋಟಿಗೂ ಮೀರಿದ ಜನರ ನಗರದ್ದು, ಅದರ ಹಿಂದೆ ದೊಡ್ಡ ಸಂಸ್ಥೆಗಳಿದ್ದವು. ಕೇರಳದ ವಯನಾಡಿನ ಮೀನಂಗಾಡಿ ಗ್ರಾಮ ಪಂಚಾಯಿತಿಯ ಹೆಸರೂ ಹೇಳಿದ್ದೀರಿ. ಅವರು 2016ರಲ್ಲೇ ಇಂಗಾಲದ ಸಮತೋಲನದ, ಅಂದರೆ ಬಿಡುವಷ್ಟು ಇಂಗಾಲವನ್ನು ಮರ ಮಣ್ಣು ಹೀರಿಕೊಳ್ಳುವ ಹಾಗೆ ಮಾಡುವ, ಗುರಿ ಇಟ್ಟುಕೊಂಡರು ನಿಜ. ಆದರೆ ಅಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಮರ ಕಡಿಯದ ರೈತನಿಗೆ ಸಹಕಾರಿ ಬ್ಯಾಂಕಿನಿಂದ ಮರದ ಮೇಲೆ ಬಡ್ಡಿಯಿಲ್ಲದ ಸಾಲ ಕೊಡಿಸಿದ್ದು. ರೈತನ ಕೈಗೆ ದುಡ್ಡು ಬಂತು, ಮರ ಉಳಿಯಿತು. ನಿಮ್ಮ ಊರಿನಲ್ಲಿ ಶುರು ಮಾಡೋದಾದರೆ ಪುರಸಭೆಯ ಕರೆಂಟ್ ಬಿಲ್ ಕೇಳಿ ಪಡೆಯಿರಿ. ನೀರೆತ್ತುವ ಪಂಪು ಮತ್ತು ಬೀದಿ ದೀಪಕ್ಕೇ ಜಾಸ್ತಿ ಹೋಗುತ್ತಿರುತ್ತದೆ. ಸೋರುವ ಪೈಪು ಸರಿಮಾಡಿಸಿದರೆ ನೀರೂ ಉಳಿಯುತ್ತದೆ, ಕರೆಂಟೂ ಉಳಿಯುತ್ತದೆ. ಸದ್ಯಕ್ಕೆ ಅಷ್ಟು ಸಾಕು.

ದುಡ್ಡಿನ ವಿಷಯ. ನಾವು ಮೊದಲ ವರದಿ ಕೊಟ್ಟಿದ್ದು ಏಪ್ರಿಲ್‌ನಲ್ಲಿ, ಬಜೆಟ್ ಮುಗಿದ ಮೇಲೆ. ಅದು ಬೀರು ಸೇರಿತು. ಎರಡನೇ ಸಲ ಡಿಸೆಂಬರ್‌ನಲ್ಲಿ, ಬಜೆಟ್ ಪೂರ್ವಭಾವಿ ಸಭೆಗೆ ಕೋಡಿ ಬೀದಿಯ ಹೆಂಗಸರೇ ನಲವತ್ತು ಜನ ಬಂದರು. ಕೇಂದ್ರದಿಂದ ಸ್ಥಳೀಯ ಸಂಸ್ಥೆಗಳಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಸಣ್ಣ ಊರುಗಳಿಗೆ ಶೇ. 30 ಭಾಗ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ ಅಂತಲೇ ಮೀಸಲಿತ್ತು, ಇನ್ನೊಂದು ಶೇ. 30 ಕಸ ಮತ್ತು ನೈರ್ಮಲ್ಯಕ್ಕೆ. ಹವಾಮಾನ ಅನ್ನೋ ಹೆಸರಿನಲ್ಲಿ ಹಣ ಹುಡುಕುತ್ತಾ ಕೂರಬೇಡಿ. ಬರುವ ಹಣ ಯಾವ ತಲೆಬರಹದಲ್ಲಿದೆ ನೋಡಿ, ನಿಮ್ಮ ಕೆಲಸವನ್ನು ಆ ಭಾಷೆಯಲ್ಲಿ ಬರೆಯಿರಿ. ಕೆರೆಗೆ ನೀರು ತರುವ ಕಾಲುವೆಯ ಹೂಳು ನಾವು ಹಾಗೇ ತೆಗೆಸಿದೆವು. ಸಂತೆ ನೆರಳಿಗೆ ಮಾತ್ರ ಇನ್ನೂ ಓಡಾಡುತ್ತಿದ್ದೇವೆ.

2023ರಲ್ಲಿ ಮತ್ತೆ ಬರ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಒಂದು ವರ್ಷದ ಹಿಂದೆ ಮನೆಗೆ ನೀರು ನುಗ್ಗಿದ ಬೀದಿಗೇ ಟ್ಯಾಂಕರ್ ಬಂತು. ಆದರೂ ಕೋಡಿ ಹಳ್ಳದಲ್ಲಿ ಏನಾದರೂ ಕಟ್ಟೋಣ ಅಂತ ಈ ಸಲ ಯಾರೂ ಬಾಯಿ ಬಿಡಲಿಲ್ಲ. ಉಳಿದ ಇನ್ನೂರು ಚಿಲ್ಲರೆ ಗಿಡಗಳನ್ನು ಅಜ್ಜ ತೋರಿಸಿದ ಗೆರೆಯ ಆಚೆ, ದಡದ ಮೇಲೆ ಇಟ್ಟಿದ್ದೇವೆ. ಹೊಂಗೆ ಚೆನ್ನಾಗಿ ಹತ್ತಿಕೊಂಡಿದೆ.

ಕನ್ಸಲ್ಟೆಂಟ್ ಕೇಳಿದ ನಾಲ್ಕು ಲಕ್ಷ ಕೊಡಬೇಡಿ. ಮೊದಲು ನಿಮ್ಮೂರಿನ ಹಳೇ ನೀರುಗಂಟಿ, ಈಗ ನಲ್ಲಿ ನೀರು ಬಿಡುವ ವಾಲ್‌ಮನ್ ಯಾರು ಅಂತ ಹುಡುಕಿ. ಅವರ ಕೂಲಿ ದಿನ ಹಾಳಾಗದ ಹಾಗೆ ದುಡ್ಡು ಕೊಟ್ಟು ಕರೆದುಕೊಂಡು ನಡೆಯಿರಿ. ನಮ್ಮ ಅಜ್ಜನಿಗೆ ಈಗ ಕಾಲು ಆಗಲ್ಲ, ಮೊಮ್ಮಗ ತೋರಿಸುತ್ತಾನೆ. ನೀವು ನಮ್ಮ ಕಡೆಯವರೇ ಆದರೆ ಇಲ್ಲೇ ತಿಳಿಸಿ, ಮೇ ತಿಂಗಳಲ್ಲಿ ಬನ್ನಿ. ಹಳ್ಳ ಒಣಗಿರುತ್ತದೆ, ಕೆಳಗಿನ ಕೆರೆವರೆಗೂ ನಡೆದು ಹೋಗಬಹುದು.