ಕೇಳಿ, ಹೇಳುತ್ತೇವೆ: ಥಾಯ್ಲೆಂಡಿನ ನಾಣ್ಯಗಳು

ಹೊರದೇಶದ ನಾಣ್ಯಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕಾಸರಗೋಡು, ಮಂಜೇಶ್ವರ ಕಡೆಯಿಂದ ಬಂದ ಪತ್ರಗಳಲ್ಲಿ ಥಾಯ್ಲೆಂಡಿಗೆ ಸೇರಿದವನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಅಜ್ಜನ ಮರದ ಪೆಟ್ಟಿಗೆಯಲ್ಲಿ ಸಯಾಮಿನ (ಥಾಯ್ಲೆಂಡಿನ ಹಳೆಯ ಹೆಸರು) ಆರು ನಾಣ್ಯ ಸಿಕ್ಕಿವೆ. ಎರಡು ಬೆಳ್ಳಿ, ಉಳಿದವು ತಾಮ್ರ. ಎಲ್ಲವೂ ಕಪ್ಪಾಗಿವೆ. ಹುಣಸೆಹುಳಿ ಹಚ್ಚಿ ತಿಕ್ಕಿದರೆ ಬೆಳಗಬಹುದೇ? – ಬದಿಯಡ್ಕ

ಉತ್ತರ: ತಿಕ್ಕಬೇಡಿ. ಹುಣಸೆಹುಳಿ ಕಾಲುದೀಪಕ್ಕೆ, ಚೆಂಬಿಗೆ ಸರಿ. ಅಲ್ಲಿ ಲೋಹ ದಪ್ಪ, ಮೇಲಿನ ಒಂದು ಪದರ ಹೋದರೆ ನಷ್ಟವಿಲ್ಲ. ನಾಣ್ಯದ ಮೇಲಿನ ಅಕ್ಷರ, ರಾಜನ ಕೂದಲಿನ ಎಳೆ, ಆನೆಯ ಸೊಂಡಿಲಿನ ಗೆರೆ, ಇವೆಲ್ಲ ಒಂದು ಮಿಲಿಮೀಟರಿನ ಸಣ್ಣ ಪಾಲಿನಷ್ಟೇ ಎತ್ತರ. ಹುಳಿಯ ಆಮ್ಲ ಮೊದಲು ತಿನ್ನುವುದು ಅದನ್ನೇ. ತೊಳೆದ ಕೂಡಲೇ ತಾಮ್ರ ಕೆಂಪಗೆ ಹೊಳೆಯುತ್ತದೆ, ನಿಜ. ಆದರೆ ಅದು ಹಸಿ ಲೋಹದ ಬಣ್ಣ, ಟಂಕಸಾಲೆಯಿಂದ ಬಂದ ಬಣ್ಣವಲ್ಲ. ಸಂಗ್ರಾಹಕರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಬೆಲೆ ಅಲ್ಲೇ ಇಳಿಯುತ್ತದೆ. ಬೆಳ್ಳಿಗೆ ವಿಭೂತಿ, ಹಲ್ಲುಪುಡಿ, ಬೂದಿ ಹಾಕುವುದು ಇನ್ನೂ ಕೆಟ್ಟದ್ದು. ಕೂದಲೆಳೆಯಂಥ ಗೀರು ಬಿದ್ದರೆ ಮತ್ತೆ ಹೋಗುವುದಿಲ್ಲ. ಕೊಬ್ಬರಿಎಣ್ಣೆ ಸವರಿ ಇಡುವ ರೂಢಿಯೂ ಬೇಡ. ಎಣ್ಣೆ ಕನರಿದ ಮೇಲೆ ಅದರಲ್ಲಿರುವ ಆಮ್ಲವೇ ತಾಮ್ರಕ್ಕೆ ಹಸಿರು ಕಿಲುಬು ಬರಿಸುತ್ತದೆ.

ಮಾಡಬಹುದಾದದ್ದು ಇಷ್ಟು. ಮೇಲೆ ಮೇಣ, ಎಣ್ಣೆ, ಅಂಟು ಇದ್ದರೆ ಶುದ್ಧ ಅಸಿಟೋನ್ ತನ್ನಿ. ಉಗುರುಬಣ್ಣ ತೆಗೆಯುವ ದ್ರಾವಣ ಆಗದು. ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ಸುರಿದು ಹತ್ತು ನಿಮಿಷ ಬಿಡಿ. ಬಳಿಕ ಹೊಸ ಅಸಿಟೋನಿನಲ್ಲಿ ಮತ್ತೊಮ್ಮೆ ಅದ್ದಿ, ಹಳೆ ಹತ್ತಿಬಟ್ಟೆಯ ಮೇಲಿಟ್ಟು ಗಾಳಿಗೆ ಆರಲು ಬಿಡಿ. ಒತ್ತಿ ಒರೆಸಬೇಡಿ. ಪ್ಲಾಸ್ಟಿಕ್ ಬಟ್ಟಲು ಕರಗೀತು. ಇದು ಬೇಗ ಬೆಂಕಿ ಹಿಡಿಯುವ ದ್ರಾವಣ, ಹಾಗಾಗಿ ಅಡುಗೆಮನೆಯಲ್ಲಿ, ದೀಪದ ಬಳಿ ಬೇಡ. ಕಿಟಕಿ ತೆರೆದ ಜಗಲಿಯಲ್ಲಿ ಮಾಡಿ. ಅಸಿಟೋನ್ ಲೋಹವನ್ನು ಮುಟ್ಟುವುದಿಲ್ಲ, ಆದ್ದರಿಂದ ಕಪ್ಪು ಹಾಗೇ ಉಳಿಯುತ್ತದೆ. ಉಳಿಯಲಿ.

ಪ್ರಶ್ನೆ: ಒಂದು ನಾಣ್ಯದಲ್ಲಿ ಮೂರೇ ಅಂಕಿ, ಇನ್ನೊಂದರಲ್ಲಿ 12ರಿಂದ ಶುರುವಾಗುವ ನಾಲ್ಕು ಅಂಕಿ, ಮತ್ತೊಂದರಲ್ಲಿ 24ರಿಂದ. ಇವು ಯಾವ ಇಸವಿ? – ಮುಳ್ಳೇರಿಯ

ಉತ್ತರ: ನಮ್ಮಲ್ಲಿ ಶಕ, ಕೊಲ್ಲವರ್ಷ, ಇಸವಿ ಜೊತೆಜೊತೆಗೆ ಬಳಕೆಯಲ್ಲಿದ್ದ ಹಾಗೆ ಸಯಾಮಿನಲ್ಲಿಯೂ ಮೂರು ಲೆಕ್ಕ ಇದ್ದವು. 12ರಿಂದ ಶುರುವಾದರೆ ಚುಲಶಕ, 638 ಕೂಡಿಸಿ. 1236 ಅಂದರೆ 1874. ಮೂರೇ ಅಂಕಿ ಇದ್ದರೆ ಬ್ಯಾಂಕಾಕ್ ರಾಜಧಾನಿಯಾದ 1782ರಿಂದ ಎಣಿಸುವ ರತ್ತನಕೋಸಿನ್ ಶಕ, 1781 ಕೂಡಿಸಿ. 114 ಅಂದರೆ 1895. 24 ಅಥವಾ 25ರಿಂದ ಶುರುವಾದರೆ ಬುದ್ಧವರ್ಷ, 543 ಕಳೆಯಿರಿ. 2456 ಅಂದರೆ 1913. ಇದರಲ್ಲಿ ಒಂದು ಸಣ್ಣ ತೊಡಕಿದೆ. 1940ರವರೆಗೆ ಅಲ್ಲಿಯ ಹೊಸವರ್ಷ ಏಪ್ರಿಲ್ 1ಕ್ಕೆ, 1941ರಿಂದ ಜನವರಿ 1ಕ್ಕೆ. ಅದಕ್ಕಾಗಿ ಬುದ್ಧವರ್ಷ 2483ಕ್ಕೆ ಒಂಬತ್ತೇ ತಿಂಗಳು. ಅದಕ್ಕಿಂತ ಹಿಂದಿನ ವರ್ಷಗಳ ಕೊನೆಯ ಮೂರು ತಿಂಗಳು ನಮ್ಮ ಮುಂದಿನ ಇಸವಿಗೆ ಹೋಗುತ್ತವೆ.

ಅಂಕಿ ಓದುವುದು ಕನ್ನಡ ಬಲ್ಲವರಿಗೆ ಕಷ್ಟವಲ್ಲ. ಸೊನ್ನೆ ನಮ್ಮದೇ. ಒಂದು ಎಂದರೆ ಒಳಕ್ಕೆ ಸುರುಳಿ ಸುತ್ತಿದ ಸೊನ್ನೆ. ಎಡವುವುದು ಎರಡು ಕಡೆ. ನಾಲ್ಕರ ತಲೆಯ ಗೆರೆಗೆ ಒಂದು ಸುತ್ತು ಸೇರಿದರೆ ಐದು. ಸವೆದ ನಾಣ್ಯದಲ್ಲಿ ಈ ಸುತ್ತೇ ಮೊದಲು ಮಾಸುತ್ತದೆ. ಮೂರು ಮತ್ತು ಏಳು ಬರಿಗಣ್ಣಿಗೆ ಒಂದೇ ಹಾಗೆ ಕಂಡರೂ, ಏಳಕ್ಕೆ ಬಲಗಡೆ ಮೇಲಕ್ಕೆ ಚಾಚಿದ ಬಾಲವಿದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಸಾಕು.

ನಾಣ್ಯದಲ್ಲಿ ಇಸವಿಯೇ ಇಲ್ಲದಿದ್ದರೂ ಗಾಬರಿ ಬೇಡ. ನಾಲ್ಕನೆಯ ರಾಮ (ಬ್ಯಾಂಕಾಕ್ ರಾಜವಂಶದ ರಾಜರಿಗೆಲ್ಲ ‘ರಾಮ’ ಎಂಬ ಬಿರುದು) ಮೊಂಗ್‌ಕುಟ್ 1860ರಲ್ಲಿ ಅರಮನೆಯ ಒಳಗೆ ಉಗಿಯಂತ್ರದ ಟಂಕಸಾಲೆ ತೆರೆದು ಹೊಡೆಸಿದ ಮೊದಲ ಚಪ್ಪಟೆ ಬೆಳ್ಳಿ ನಾಣ್ಯಗಳಲ್ಲಿ ಇಸವಿ ಹಾಕಿಲ್ಲ. ಒಂದು ಕಡೆ ಕಿರೀಟ, ಇನ್ನೊಂದು ಕಡೆ ಚಕ್ರದೊಳಗೆ ಆನೆ. ರಾಜನ ಮುಖ ಬಂದದ್ದು ಆಮೇಲೆ, ಐದನೆಯ ರಾಮ ಚುಲಲಾಂಗ್‌ಕಾರ್ನ್ ಕಾಲದಲ್ಲಿ.

ಪ್ರಶ್ನೆ: ಬ್ಯಾಂಕಾಕಿಗೆ ಹೋಗಿದ್ದ ಭಾವ ಗುಂಡಿನಂಥ ಒಂದು ಬೆಳ್ಳಿತುಂಡು ತಂದಿದ್ದಾರೆ. ಹಳೆಯ ನಾಣ್ಯ ಎನ್ನುತ್ತಾರೆ. ಇದು ನಾಣ್ಯವೇ? ಅಸಲಿಯೇ? ಆಚಾರಿಯ ಬಳಿ ಒರೆಗೆ ಹಚ್ಚಿಸಬಹುದೇ? – ಪೆರ್ಲ

ಉತ್ತರ: ನಾಣ್ಯವೇ. ಥಾಯ್ ಹೆಸರು ‘ಫೋಟ್ ದುವಾಂಗ್’, ಅಂದರೆ ಸುರುಳಿಯಾದ ಹುಳ. ಮಳೆಗಾಲದಲ್ಲಿ ಮುಟ್ಟಿದ ಚೋರಟೆ ಮೈ ಮಡಚಿಕೊಳ್ಳುವುದನ್ನು ನೋಡಿದವರಿಗೆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬೆಳ್ಳಿಯ ಗಿಡ್ಡ ಸಲಾಕೆಯನ್ನು ಬಗ್ಗಿಸಿ, ಎರಡು ತುದಿ ಒಳಕ್ಕೆ ಸೇರುವ ಹಾಗೆ ಸುತ್ತಿಗೆಯಿಂದ ಹೊಡೆದು, ಮೇಲೆ ಮುದ್ರೆ ಒತ್ತುತ್ತಿದ್ದರು. ಹಳೆಯ ಸುಖೋಥಾಯ್ ರಾಜ್ಯದ ಕಾಲದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಇದೇ ಅಲ್ಲಿಯ ದುಡ್ಡು. ಬ್ರಿಟನ್ನಿನ ಜೊತೆ ಆದ 1855ರ ಬೌರಿಂಗ್ ವ್ಯಾಪಾರ ಒಪ್ಪಂದದ ನಂತರ ಹೊರದೇಶದ ಹಡಗುಗಳು, ಅವುಗಳ ಜೊತೆ ಬೆಳ್ಳಿ ಡಾಲರುಗಳು ನುಗ್ಗಿದವು. ಒಂದೊಂದನ್ನೇ ಕೈಯಲ್ಲಿ ಬಡಿದು ಅಷ್ಟು ವ್ಯಾಪಾರಕ್ಕೆ ದುಡ್ಡು ಒದಗಿಸುವುದು ಆಗದ ಮಾತು, ಆದ್ದರಿಂದ ಯಂತ್ರ ಬಂತು. ಗುಂಡು ನಾಣ್ಯದ ಚಲಾವಣೆಯನ್ನು 1904ರಲ್ಲಿ ರದ್ದು ಮಾಡಿದರು.

ಮೊದಲು ಮುದ್ರೆ ನೋಡಿ. ಬ್ಯಾಂಕಾಕ್ ರಾಜವಂಶದ್ದಾದರೆ ಒಂದು ಕಡೆ ಚಕ್ರ, ಇನ್ನೊಂದು ಕಡೆ ಆಳಿದ ರಾಜನ ಗುರುತು: ಎರಡನೆಯ ರಾಮನಿಗೆ ಗರುಡ, ಮೂರನೆಯವನಿಗೆ ಅರಮನೆಯ ಗೋಪುರ, ನಾಲ್ಕನೆಯವನಿಗೆ ಕಿರೀಟ. ಐದನೆಯ ರಾಮನ ಗುರುತಿನವನ್ನು ಚಲಾವಣೆಗೆಂದು ಮಾಡಿದ್ದಲ್ಲ, ನೆನಪಿಗಾಗಿ ಮಾಡಿದ್ದು. ಅಂಥದ್ದು ಅಗ್ಗಕ್ಕೆ ಸಿಕ್ಕಿತೆಂದರೆ ನಂಬಬೇಡಿ. ಅಸಲಿಯಲ್ಲಿ ಮುದ್ರೆಯ ಗುಳಿಯ ಅಂಚು ಚೂಪು, ಒತ್ತಿದ ಜಾಗದ ಸುತ್ತ ಲೋಹ ಸ್ವಲ್ಪ ಉಬ್ಬಿರುತ್ತದೆ, ಪಕ್ಕಗಳಲ್ಲಿ ಸುತ್ತಿಗೆಯ ಚಪ್ಪಟೆ ಗುರುತು ಕಾಣುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಮುದ್ರೆ ಕರಗಿದ ಬೆಲ್ಲದ ಹಾಗೆ ಮೃದು, ಮೈಮೇಲೆ ಸೂಜಿಮೊನೆಯಷ್ಟು ರಂಧ್ರಗಳು, ಕೆಲವೊಮ್ಮೆ ನಡುವೆ ಎರಕದ ಗೆರೆ. ಒಂದೇ ಗುಳಿ, ಒಂದೇ ಗೀರು ಇರುವ ಎರಡು ಗುಂಡು ಒಂದೇ ಅಂಗಡಿಯಲ್ಲಿ ಕಂಡರೆ ಎರಡೂ ನಕಲಿ.

ಒರೆಗಲ್ಲು ಬೇಡವೇ ಬೇಡ. ಉಜ್ಜಿದರೆ ಗಾಯ ಉಳಿಯುತ್ತದೆ, ಮೇಲೆ ಬೆಳ್ಳಿ ಲೇಪಿಸಿದ ತಾಮ್ರವಾದರೆ ಒರೆಗೆ ಸಿಗುವುದು ಲೇಪವೇ. ನೀರಿನಲ್ಲಿ ತೂಗಿ ನೋಡಿ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಗುಂಡನ್ನು ತೂಗಿ ಬರೆದಿಡಿ; ಒಂದು ಬಾತ್ (ನಮ್ಮ ರೂಪಾಯಿಯ ಹಾಗೆ ಅಲ್ಲಿಯ ದುಡ್ಡು) ಗುಂಡು 15 ಗ್ರಾಮಿನ ಆಸುಪಾಸಿರಬೇಕು. ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ತೆಳು ನೈಲಾನ್ ದಾರಕ್ಕೆ ಗುಂಡನ್ನು ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನೊಳಗೆ ತೂಗುಬಿಡಿ. ಆಗ ತಕ್ಕಡಿ ತೋರಿಸುವುದು ಅದರ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತೂಕವನ್ನು ಅದರಿಂದ ಭಾಗಿಸಿ. 10.3ರ ಹತ್ತಿರ ಬಂದರೆ ಒಳ್ಳೆಯ ಬೆಳ್ಳಿ, 8.9 ಬಂದರೆ ತಾಮ್ರ ಅಥವಾ ತಾಮ್ರ-ನಿಕ್ಕಲ್. 11ರ ಮೇಲೆ ಹೋದರೆ ಸೀಸ ಸೇರಿದೆ. 15 ಗ್ರಾಮಿನ ತುಂಡಿಗೆ ತಕ್ಕಡಿ 1.46 ತೋರಿಸಿದರೆ ಬೆಳ್ಳಿ, 1.69 ತೋರಿಸಿದರೆ ತಾಮ್ರ. ವ್ಯತ್ಯಾಸ ಅಷ್ಟು ಸ್ಪಷ್ಟ.

ಲೆಕ್ಕ ತಪ್ಪುವುದು ಗಾಳಿಗುಳ್ಳೆಯಿಂದ. ಗುಂಡಿನ ಮಡಿಕೆಯೊಳಗೆ ಗಾಳಿ ನಿಂತರೆ ಗಾತ್ರ ಹೆಚ್ಚಾಗಿ ಕಂಡು, ಅಸಲಿಯೂ ನಕಲಿಯಂತೆ ಲೆಕ್ಕ ಬರುತ್ತದೆ. ಕುದಿಸಿ ಆರಿಸಿದ ನೀರು ಬಳಸಿ, ಮುಳುಗಿಸಿ ಮೆಲ್ಲಗೆ ತಿರುಗಿಸಿ, ಮೂರು ಸಲ ತೂಗಿ. ಬಾತಿನ ಎಂಟನೆಯ ಒಂದು ಪಾಲಾದ ‘ಫುವಾಂಗ್’ ಗುಂಡಿಗೆ ಈ ಪರೀಕ್ಷೆ ನಡೆಯದು. ಎರಡು ಗ್ರಾಮೂ ಇಲ್ಲದ ತುಂಡಿನಲ್ಲಿ ತಕ್ಕಡಿಯ 0.01ರ ಏರುಪೇರೇ ಉತ್ತರವನ್ನು ಕೆಡಿಸುತ್ತದೆ.

ಪ್ರಶ್ನೆ: ಸಯಾಮಿನಲ್ಲಿ ಕವಡೆ ಕೊಟ್ಟು ಸಾಮಾನು ಕೊಳ್ಳುತ್ತಿದ್ದರಂತೆ, ಹೌದೇ? – ನೀರ್ಚಾಲು

ಉತ್ತರ: ಹೌದು. ಅಷ್ಟಮಂಗಲ ಪ್ರಶ್ನೆಯ ರಾಶಿಯಲ್ಲಿ ಕಾಣುವ ಕವಡೆಯೇ ಅಲ್ಲಿಯ ಚಿಲ್ಲರೆ. ಬಹುಪಾಲು ಬರುತ್ತಿದ್ದದ್ದು ಮಾಲ್ದೀವಿನ ಕಡಲಿನಿಂದ. ಹಳೆಯ ಕೋಷ್ಟಕದಲ್ಲಿ 800 ಕವಡೆಗೆ ಒಂದು ಫುವಾಂಗ್, ಎರಡು ಫುವಾಂಗಿಗೆ ಒಂದು ಸಲುಂಗ್, ನಾಲ್ಕು ಸಲುಂಗಿಗೆ ಒಂದು ಬಾತ್. 1862ರಲ್ಲಿ ತವರದ ಸಣ್ಣ ನಾಣ್ಯ ಬಂದ ಮೇಲೆ ಕವಡೆಯ ಕಾಲ ಮುಗಿಯಿತು. ನೂರು ಸತಾಂಗಿಗೆ ಒಂದು ಬಾತ್ ಎಂಬ ಈಗಿನ ಲೆಕ್ಕ ಅದೇ ಶತಮಾನದ ಕೊನೆಗೆ ಬಂದದ್ದು.

ಪ್ರಶ್ನೆ: ನಡುವೆ ಒಟ್ಟೆ ಇರುವ ಕಂಚಿನ ಕಾಸು ಥಾಯ್ಲೆಂಡಿನದ್ದೋ ನಮ್ಮದೋ? – ಕುಂಬಳೆ

ಉತ್ತರ: ಕಿರೀಟ, 1943ರಿಂದ 1947ರೊಳಗಿನ ಇಸವಿ, ಇನ್ನೊಂದು ಬದಿಯಲ್ಲಿ ಎಲೆಗಳ ಮಾಲೆ ಇದ್ದರೆ ಬ್ರಿಟಿಷ್ ಇಂಡಿಯಾದ ಒಂದು ಪೈಸೆ, ತೂಕ 2 ಗ್ರಾಂ. ಒಟ್ಟೆಯ ಸುತ್ತ ಚಕ್ರ, ಥಾಯ್ ಅಕ್ಷರ ಇದ್ದರೆ ಸತಾಂಗ್. ಆ ಮಾದರಿ 1908ರಲ್ಲಿ ಶುರುವಾಯಿತು, ಒಂದು ಸತಾಂಗ್ ಕಂಚಿನದು, ಐದು ಮತ್ತು ಹತ್ತು ನಿಕ್ಕಲಿನವು.

ಪ್ರಶ್ನೆ: ಅಂಗಡಿಯ ಚಿಲ್ಲರೆಯಲ್ಲಿ ಹತ್ತು ರೂಪಾಯಿ ಎಂದು ಥಾಯ್ ಹತ್ತು ಬಾತ್ ಬಂದಿದೆ. ಹತ್ತು ಬಾತಿಗೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ವಾಟ್ಸಾಪ್ ಸಂದೇಶ ನಿಜವೇ? – ಉಪ್ಪಳ

ಉತ್ತರ: ಒಂದೇ ಒಂದು ವರ್ಷದ ಬಗ್ಗೆ ಆ ಮಾತಿಗೆ ಆಧಾರವಿದೆ. ಬುದ್ಧವರ್ಷ 2533, ಅಂದರೆ 1990ರ ಹತ್ತು ಬಾತ್ 100 ಮಾತ್ರ ಹೊಡೆದದ್ದು. ಉಳಿದ ವರ್ಷಗಳದ್ದು ಲಕ್ಷಗಟ್ಟಲೆ, ಕೋಟಿಗಟ್ಟಲೆ ಇವೆ, ಮುಖಬೆಲೆಯೇ ಬೆಲೆ. 2537ನ್ನು 2533 ಎಂದು ಓದಿ ಹಿಗ್ಗಬೇಡಿ; ಮೇಲೆ ಹೇಳಿದ ಬಾಲ ಇದೆಯೇ ನೋಡಿ.

ನಮ್ಮದರಿಂದ ಬೇರೆ ಮಾಡಿ ಗುರುತಿಸುವುದು ಸುಲಭ. ನಮ್ಮ ಹತ್ತು ರೂಪಾಯಿಗೆ ಹೊರಗಿನ ಬಳೆ ಹಳದಿ, ಒಳಗೆ ಬಿಳಿ. ಹತ್ತು ಬಾತಿಗೆ ಹೊರಗೆ ಬಿಳಿ, ಒಳಗೆ ಹಳದಿ, ತೂಕ 8.5 ಗ್ರಾಂ, ಅಡ್ಡಳತೆ 26 ಮಿ.ಮೀ. 1988ರಿಂದ ಬಂದ ಮಾದರಿಯಲ್ಲಿ ಅರುಣ ದೇವಾಲಯದ ಗೋಪುರ ಇದ್ದು, ಕಣ್ಣು ಕಾಣದವರಿಗಾಗಿ ಬ್ರೈಲ್ ಚುಕ್ಕೆಗಳೂ ಇವೆ.

ಹೊಸದಾಗಿ ಸಂಗ್ರಹಿಸುವವರಿಗೆ ನಾವು ಸೂಚಿಸುವುದು ಈ ದೇವಾಲಯಗಳ ಸಾಲನ್ನೇ. ಒಂದು ಬಾತಿನಲ್ಲಿ ಪಚ್ಚೆಬುದ್ಧನ ದೇವಾಲಯ, ಎರಡರಲ್ಲಿ ಸ್ವರ್ಣಗಿರಿ, ಐದರಲ್ಲಿ ಅಮೃತಶಿಲೆಯ ದೇವಾಲಯ, 50 ಸತಾಂಗಿನಲ್ಲಿ ದೊಯ್ ಸುಥೆಪ್. ಪ್ರವಾಸ ಹೋಗಿಬಂದವರ ಜೇಬಿನಿಂದಲೇ ಮುಕ್ಕಾಲು ಸಾಲು ತುಂಬುತ್ತದೆ. ಸಿಗದೆ ಸತಾಯಿಸುವುದು 1, 5, 10 ಸತಾಂಗ್, ಯಾಕೆಂದರೆ ಅವು ಸಂತೆಯಲ್ಲಿ ಓಡಾಡುವುದಿಲ್ಲ. ಅಯಸ್ಕಾಂತ ಹಿಡಿದು ಅದೇ ಸಾಲನ್ನು ಎರಡು ಮಾಡಬಹುದು. ಹಳೆಯ ಒಂದು ಬಾತ್ ತಾಮ್ರ-ನಿಕ್ಕಲ್, 3.4 ಗ್ರಾಂ, ಅಂಟುವುದಿಲ್ಲ. 2008ರ ಸುಮಾರಿಗೆ ಬಂದದ್ದು ನಿಕ್ಕಲ್ ಲೇಪಿಸಿದ ಉಕ್ಕು, 3 ಗ್ರಾಂ, ಅಂಟುತ್ತದೆ. ಎರಡು ಬಾತಿನಲ್ಲಿ ಇದು ತಿರುಗುಮುರುಗು: 2005ರಲ್ಲಿ ಬಂದ ಬಿಳಿಯದು ಉಕ್ಕು, ಅಂಟುತ್ತದೆ, ಅದು ಒಂದು ಬಾತಿನ ತದ್ರೂಪ ಎಂದು ಜನ ಗೊಂದಲಗೊಂಡದ್ದರಿಂದ ಹಳದಿ ಲೋಹಕ್ಕೆ ಬದಲಾಯಿಸಿದರು, ಅದು ಅಂಟದು. 2018ರ ಏಪ್ರಿಲಿನಿಂದ ಹತ್ತನೆಯ ರಾಮನ ಮುಖ, ಹಿಂದೆ ರಾಜಮುದ್ರೆ; ದೇವಾಲಯಗಳು ಹೋದವು. ಹಾಗಾಗಿ ಈಗಲೇ ಕೂಡಿಸಿಡಿ.

ಪ್ರಶ್ನೆ: ಬ್ಯಾಂಕಾಕಿನಲ್ಲಿ ಚಿನ್ನವನ್ನೂ ‘ಬಾತ್’ ಲೆಕ್ಕದಲ್ಲಿ ಮಾರುತ್ತಾರೆ. ಅದು ಎಷ್ಟು ಪವನ್? – ಮಂಜೇಶ್ವರ

ಉತ್ತರ: ಬಾತ್ ಮೊದಲು ತೂಕ, ಆಮೇಲೆ ದುಡ್ಡು. ಆಭರಣದ ಒಂದು ಬಾತ್ 15.16 ಗ್ರಾಂ, ಶುದ್ಧತೆ 96.5%. ಅದರಲ್ಲಿ ಅಪ್ಪಟ ಚಿನ್ನ 14.63 ಗ್ರಾಂ. ನಮ್ಮ 22 ಕ್ಯಾರೆಟಿನ 8 ಗ್ರಾಂ ಪವನಿನಲ್ಲಿ 7.33 ಗ್ರಾಂ. ಅಂದರೆ ಒಂದು ಬಾತಿಗೆ ಎರಡು ಪವನ್, ಕೂದಲೆಳೆಯ ವ್ಯತ್ಯಾಸ.

ಪ್ರಶ್ನೆ: ಪ್ಲಾಸ್ಟಿಕ್ ಹಾಳೆಯ ಆಲ್ಬಮಿನಲ್ಲಿಟ್ಟ ನಾಣ್ಯಗಳಿಗೆ ಆಟಿ ತಿಂಗಳಲ್ಲಿ ಹಸಿರು ಅಂಟು ಬಂದಿದೆ. ಏನು ಮಾಡಲಿ? – ಪೈವಳಿಕೆ

ಉತ್ತರ: ಅದು ಪಿವಿಸಿ ಹಾಳೆಯ ದೋಷ. ಹಾಳೆ ಮೆದುವಾಗಲು ಬೆರೆಸಿದ ಎಣ್ಣೆ ಬಿಟ್ಟುಕೊಂಡು, ತೇವ ಸೇರಿ, ತಾಮ್ರವನ್ನು ತಿನ್ನುತ್ತಿದೆ. ಮೊದಲ ಉತ್ತರದಲ್ಲಿ ಹೇಳಿದ ಅಸಿಟೋನ್ ಸ್ನಾನ ಇದಕ್ಕೆ ಸರಿಯಾದ ಮದ್ದು. ಆಲ್ಬಮನ್ನು ಎಸೆಯಿರಿ, ‘ಮೈಲಾರ್’ (ಪಿವಿಸಿ ಅಲ್ಲದ ಪಾರದರ್ಶಕ ಹಾಳೆ) ಕಿಟಕಿಯ ರಟ್ಟಿನ ಚೌಕಗಳನ್ನು ತನ್ನಿ. ಪಿನ್ ಹೊಡೆದ ಮೇಲೆ ಅದರ ಬೆನ್ನನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು. ರಬ್ಬರ್‌ಬ್ಯಾಂಡ್, ಉಣ್ಣೆಬಟ್ಟೆ ಹತ್ತಿರ ಬೇಡ. ಅವುಗಳ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.

ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಣ್ಣ ನೋಡಿ, ಬದಲಾಗಿದ್ದರೆ 110–120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಕಾಯಿಸಿ, ತಣಿದ ಮೇಲೆ ಮರಳಿಸಿ. ಒರೆಸಿದರೂ ಮತ್ತೆ ಮತ್ತೆ ಬರುವ ತಿಳಿಹಸಿರು ಹುಡಿ ಬೇರೆಯೇ ಕಾಯಿಲೆ. ಕಡಲ ಗಾಳಿಯ ಉಪ್ಪು ಕಂಚಿನ ಒಳಕ್ಕೆ ಇಳಿದಿದೆ. ಆ ನಾಣ್ಯವನ್ನು ಬೇರೆಯಿಡಿ, ಬಟ್ಟಿಯಿಳಿಸಿದ ನೀರಿನಲ್ಲಿ ಎರಡು ವಾರ ನೆನೆಸಿ, ದಿನಾ ನೀರು ಬದಲಿಸಿ, ಕೊನೆಗೆ ಅಸಿಟೋನಿನಲ್ಲಿ ಅದ್ದಿ ಒಣಗಿಸಿ.

ಪ್ರಶ್ನೆ: ಬ್ಯಾಂಕಾಕಿಗೆ ಹೋಗುವವನಿದ್ದೇನೆ. ಹಳೆ ನಾಣ್ಯ ತರಲು ಅಡ್ಡಿ ಇದೆಯೇ? – ವರ್ಕಾಡಿ

ಉತ್ತರ: ಈಗ ಚಲಾವಣೆಯಲ್ಲಿರುವ ಚಿಲ್ಲರೆಗೆ ಅಡ್ಡಿಯಿಲ್ಲ. ಪುರಾತನ ವಸ್ತುಗಳನ್ನು ಥಾಯ್ಲೆಂಡಿನಿಂದ ಹೊರಗೆ ಒಯ್ಯಲು ಅಲ್ಲಿಯ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ಗುಂಡು ನಾಣ್ಯ ಕೊಳ್ಳುವ ಮೊದಲೇ ಅಂಗಡಿಯವರಿಂದ ಆ ಕಾಗದ ಕೇಳಿ. ನಮ್ಮ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಮನೆಯಲ್ಲಿರುವ ಅಂಥದ್ದನ್ನು ಮಾರಲೆಂದು ಜೇಬಿನಲ್ಲಿ ಅಲ್ಲಿಗೆ ಒಯ್ಯಬೇಡಿ. ಸಮಯವಿದ್ದರೆ ಬ್ಯಾಂಕಾಕಿನ ಚಕ್ರಫೋಂಗ್ ರಸ್ತೆಯಲ್ಲಿ ಖಜಾನೆ ಇಲಾಖೆಯ ನಾಣ್ಯ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ. ಅಸಲಿ ಗುಂಡಿನ ಮುದ್ರೆ ಕಣ್ಣಲ್ಲಿ ಕೂತ ಮೇಲೆ ಸಂತೆಗೆ ಹೋಗಿ. ಇನ್ನೊಂದು ಮಾತು: ಅಲ್ಲಿ ನಾಣ್ಯ ಕೈಜಾರಿ ಉರುಳಿದರೆ ಕಾಲಿನಿಂದ ಮೆಟ್ಟಿ ನಿಲ್ಲಿಸಬೇಡಿ. ಅದರ ಮೇಲೆ ರಾಜನ ಮುಖವಿದೆ, ನೋಡಿದವರ ಮನಸ್ಸು ನೋಯುತ್ತದೆ. ಉರುಳಿ ನಿಂತ ಮೇಲೆ ಬಗ್ಗಿ ಎತ್ತಿಕೊಳ್ಳಿ.