ದೃಷ್ಟಿ ಕುಗ್ಗುತ್ತ ಹೋಗುವಾಗ ಮೈ, ಮನಸ್ಸು ಎರಡನ್ನೂ ಗಟ್ಟಿಯಾಗಿ ಇಟ್ಟುಕೊಳ್ಳುವುದು ಹೇಗೆ?

ನೀವು ಬರೆದದ್ದನ್ನು ಮೊದಲು ಒಮ್ಮೆ ಹೇಳಿಕೊಳ್ಳುತ್ತೇನೆ, ನಾನು ಸರಿಯಾಗಿ ತಿಳಿದುಕೊಂಡಿದ್ದೇನೆ ಎಂದು ಖಾತ್ರಿಯಾಗಲಿ. ನಿಮಗೆ 36 ವರ್ಷ, ಸಿರ್ಸಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಹೋದ ವರ್ಷ ಡಾಕ್ಟರು ಆರ್‌ಪಿ, ಅಂದರೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದಿದ್ದಾರೆ. ಕತ್ತಲಾದರೆ ಕಾಣುವುದಿಲ್ಲ, ಬದಿಯಲ್ಲಿ ಇದ್ದದ್ದೂ ಕಾಣುವುದಿಲ್ಲ. ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಹಗಲು ಹೊತ್ತು ಇನ್ನೂ ಬೈಕ್ ಓಡಿಸುತ್ತೀರಿ. ತೂಕ ಏರಿದೆ, ನಿದ್ದೆ ಹೋಗಿದೆ. ಮಗಳು ರಾತ್ರಿ ಮಾರಿಕಾಂಬಾ ಜಾತ್ರೆಗೆ ಹೋಗೋಣ ಅನ್ನುತ್ತಾಳೆ, ನಿಮಗೆ ಧೈರ್ಯ ಬರುವುದಿಲ್ಲ. ಏನು ತಿನ್ನಬೇಕು, ಯಾವ ವ್ಯಾಯಾಮ ಮಾಡಬೇಕು, ಮನಸ್ಸು ಕುಸಿಯದ ಹಾಗೆ ಏನು ಮಾಡಬೇಕು ಎಂದು ಕೇಳಿದ್ದೀರಿ.

ನನಗೂ ಅದೇ ಕಾಯಿಲೆ. ಅಂಕೋಲಾ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು ನಾನು. ಈಗ 49. ಕಾಯಿಲೆ ಗೊತ್ತಾದದ್ದು 31ನೇ ವಯಸ್ಸಿಗೆ. ಆಮೇಲೆ ಆರು ವರ್ಷ ಅದನ್ನು ಮುಚ್ಚಿಟ್ಟೆ. ಕಾಯಿಲೆ ಮಾಡಿದ್ದಕ್ಕಿಂತ ಹೆಚ್ಚು ಹಾಳನ್ನು ಆ ಆರು ವರ್ಷ ನನ್ನ ಮೈಗೆ ಮಾಡಿದವು. ನಿಮ್ಮ ಬರಹ ಓದಿಸಿಕೊಂಡಾಗ ನನಗೆ ಕಂಡದ್ದು ಅದೇ ಮುಚ್ಚಿಡುವಿಕೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೈಕಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಇವತ್ತೇ ನಿಲ್ಲಿಸಿ. ನಮಗೆ ಎದುರಿನ ರಸ್ತೆ ಸ್ಪಷ್ಟವಾಗಿಯೇ ಕಾಣುತ್ತದೆ, ದೂರದ ಬೋರ್ಡನ್ನೂ ಓದುತ್ತೇವೆ. ಅದರಿಂದಲೇ ಮೋಸ ಹೋಗುವುದು. ಬದಿಯಿಂದ ಅಡ್ಡ ಬಂದ ದನ, ಮನೆಯ ಗೇಟಿನಿಂದ ಓಡಿಬಂದ ಮಗು, ಡಿಕ್ಕಿ ಆಗುವ ತನಕ ನಮ್ಮ ಪಾಲಿಗೆ ಅಲ್ಲಿ ಇರುವುದೇ ಇಲ್ಲ. ದೇವಿಮನೆ ಘಟ್ಟದಂಥ ಕಡೆ ಬಿಸಿಲಿನಿಂದ ಮರಗಳ ನೆರಳಿಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳುವ ಮೊದಲೇ ಬೈಕು ಎಷ್ಟೋ ಮಾರು ಮುಂದೆ ಹೋಗಿರುತ್ತದೆ. ಇದೊಂದರಲ್ಲಿ ನಿಮ್ಮ ಜೊತೆ ಚೌಕಾಸಿಗೆ ನಾನು ತಯಾರಿಲ್ಲ.

ಈಗ ನನ್ನ ಕತೆ. ಆರ್‌ಪಿಯಲ್ಲಿ ರೆಟಿನಾದ, ಅಂದರೆ ಕಣ್ಣಿನ ಒಳಪರದೆಯ, ಮಂದ ಬೆಳಕಿಗೆಂದು ಇರುವ ಕೋಶಗಳು ಮೊದಲು ಸಾಯುತ್ತವೆ. ಹಾಗಾಗಿ ಇರುಳುಗುರುಡು ಮೊದಲು, ಆಮೇಲೆ ನೋಟದ ಅಂಚು ಒಳಗೊಳಗೆ ಸರಿಯುತ್ತ ಬರುತ್ತದೆ. ಒಲೆ ಊದುವ ಕೊಳವೆಗೆ ಕಣ್ಣಿಟ್ಟು ಲೋಕ ನೋಡಿದ ಹಾಗೆ. ಮಕ್ಕಳ ಕಾಪಿ ತಿದ್ದುತ್ತಿದ್ದೆ, ಬೋರ್ಡಿನ ಮೇಲೆ ನೆಟ್ಟಗೆ ಬರೆಯುತ್ತಿದ್ದೆ. ಆದರೆ ಮಗ್ಗುಲಿಂದ ಯಾರೋ ಚಾ ಲೋಟ ಚಾಚಿದರೆ ಗೊತ್ತಾಗುತ್ತಿರಲಿಲ್ಲ. ಗರ್ವ ಅಂದುಕೊಂಡವರಿದ್ದರು. ಜೂನ್ ಬಂತು ಅಂದರೆ ಮೋಡ, ಕರೆಂಟಿಲ್ಲ, ಕ್ಲಾಸು ಕತ್ತಲು. ಎಲ್ಲಿ ಎಡವುತ್ತೇನೋ ಎಂದು ಕುರ್ಚಿಯಲ್ಲೇ ಕೂತು ಪಾಠ ಮಾಡಿದೆ. ತರಬೇತಿಗೆ ಕಾರವಾರಕ್ಕೆ ಕರೆದರೆ ನೆವ ಹೇಳಿದೆ, ಬರುವಾಗ ಕತ್ತಲಾಗುತ್ತದೆ ಎಂದು. ಮದುವೆಯ ಹಿಂದಿನ ದಿನದ ಸಂಜೆ, ಬಂಡಿಹಬ್ಬ, ಯಕ್ಷಗಾನದ ಆಟ, ಒಂದೊಂದಾಗಿ ಬಿಟ್ಟೆ. ಬೆಳಗಿನ ನಡಿಗೆಯನ್ನೂ ಬಿಟ್ಟೆ. ನಾಲ್ಕು ವರ್ಷದಲ್ಲಿ 11 ಕೆ.ಜಿ. ಏರಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 6.2 ಬಂತು. 6.5 ದಾಟಿದರೆ ಸಕ್ಕರೆ ಕಾಯಿಲೆಯೇ. ಮಂಡಿ ನೋವು ಶುರುವಾಯಿತು. ಹಗಲು ಒಳಗೇ ಕೂತು ರಾತ್ರಿ ಸೂರು ನೋಡುತ್ತ ಮಲಗಿದೆ.

ಒಂದು ಜುಲೈ ಸಂಜೆ ಶಾಲೆಯ ಹಿಂದಿನ ಗಟಾರಕ್ಕೆ ಬಿದ್ದು ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಹಾಕಿಕೊಂಡು ಶಾಲೆಗೆ ಹೋದ ದಿನ ಮೂರನೇ ಇಯತ್ತೆಯ ಹುಡುಗಿ ಹತ್ತಿರ ಬಂದು, "ಅಕ್ಕೋರೇ, ನಿಮ್ಗೆ ಬದಿಗಿದ್ದದ್ದು ಕಾಣೂದಿಲ್ಲ ಅಲ್ವಾ? ನಮ್ಗೆಲ್ಲ ಮೊದ್ಲಿಂದೇ ಗೊತ್ತಿತ್ತು" ಅಂದಳು. ನಾನು ಸಾಲುಗಳ ನಡುವೆ ಬರುವ ಮೊದಲು ಮಕ್ಕಳು ತಮ್ಮ ಪಾಟಿಚೀಲಗಳನ್ನು ಸದ್ದಿಲ್ಲದೆ ಎಳೆದುಕೊಳ್ಳುತ್ತಿದ್ದರಂತೆ. ಎರಡು ವರ್ಷದಿಂದ. ಯಾರಿಂದ ಬಚ್ಚಿಡಲು ಅಷ್ಟು ಪಾಡುಪಟ್ಟೆನೋ ಅವರೇ ನನಗೆ ದಾರಿ ಮಾಡಿಕೊಡುತ್ತಿದ್ದರು. ಅವತ್ತು ಮನೆಗೆ ಬಂದು ಬಹಳ ಹೊತ್ತು ಅತ್ತೆ. ಮರುದಿನ ಹೆಡ್‌ಮಾಸ್ತರ್ರಿಗೆ ಎಲ್ಲ ಹೇಳಿದೆ.

ನೌಕರಿ ಹೋಗುತ್ತದೆ ಎಂಬ ಹೆದರಿಕೆಯೇ ನನ್ನ ಬಾಯಿ ಕಟ್ಟಿತ್ತು, ನಿಮ್ಮದೂ ಬಹುಶಃ ಅದೇ. ಕೇಳಿ: ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಕಲಂ 20(4) ಪ್ರಕಾರ, ಸೇವೆಯಲ್ಲಿ ಇರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಅದಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಇದ್ದ ಕೆಲಸ ಆಗದಿದ್ದರೆ ಅದೇ ಸಂಬಳ, ಸೌಲಭ್ಯದ ಬೇರೆ ಹುದ್ದೆ ಕೊಡಬೇಕು. ನಾನು ಹೆದರಿ ಕೂತಿದ್ದ ಕಾಲಕ್ಕೂ 1995ರ ಕಾಯ್ದೆಯ ಕಲಂ 47 ಇದನ್ನೇ ಹೇಳುತ್ತಿತ್ತು. ನನಗೆ ಹೇಳುವವರು ಇರಲಿಲ್ಲ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ದೃಷ್ಟಿ ಎಷ್ಟು ದೂರ ಎನ್ನುವುದರ ಜೊತೆಗೆ ಎಷ್ಟು ಅಗಲ ಎನ್ನುವುದನ್ನೂ ಪರೀಕ್ಷಿಸುವ ಡಾಕ್ಟರು ಅಳೆಯಬೇಕು, ಅಗಲ 10 ಡಿಗ್ರಿಗಿಂತ ಕಡಿಮೆಯಾದರೆ ನೇರ ನೋಟ ಚೆನ್ನಾಗಿದ್ದರೂ ಅಂಧತ್ವದ ಲೆಕ್ಕಕ್ಕೇ ಬರುತ್ತದೆ. ಆದ್ದರಿಂದ ಈ ಅಗಲ ಅಳೆಯುವ ಫೀಲ್ಡ್ ಟೆಸ್ಟಿನ ವರದಿ ಇಲ್ಲದೆ ಹೋಗಬೇಡಿ. ಕಾಗದಪತ್ರಕ್ಕೆ ತಾಲೂಕು ಪಂಚಾಯತಿಯಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರು ಇರುತ್ತಾರೆ, ವಿಚಾರಿಸಿ.

ಕಣ್ಣಿನ ವಿಷಯ. ಆರ್‌ಪಿ ವಾಸಿ ಮಾಡುವ ಮದ್ದು ಇವತ್ತಿಗೆ ಇಲ್ಲ. ಆರ್‌ಪಿಇ65 ಎಂಬ ಒಂದೇ ಒಂದು ಜೀನ್ ಕೆಟ್ಟವರಿಗೆ ಮಾತ್ರ ಜೀನ್ ಚಿಕಿತ್ಸೆಯೊಂದನ್ನು ಅಮೆರಿಕದಲ್ಲಿ 2017ರಲ್ಲಿ ಒಪ್ಪಿದರು. ಅದು ಎಲ್ಲರದ್ದಲ್ಲ. "ಮೂರು ತಿಂಗಳಲ್ಲಿ ದೃಷ್ಟಿ ವಾಪಸು" ಎನ್ನುವವರ ಕೈಗೆ ನಾನು ಎರಡು ಬಂಗಾರದ ಬಳೆಯ ದುಡ್ಡು ಕೊಟ್ಟಿದ್ದೇನೆ, ನೀವು ಕೊಡಬೇಡಿ. ನಂದಿಬಟ್ಟಲ ಹೂವಿನ ರಸ, ಜೇನು, ಎದೆಹಾಲು, ಏನನ್ನೂ ಕಣ್ಣಿಗೆ ಹಾಕಬೇಡಿ. ವಿಟಮಿನ್ ಎ ಗುಳಿಗೆಯನ್ನು ನೀವೇ ತಂದು ನುಂಗಬೇಡಿ, ಹೆಚ್ಚಾದರೆ ಯಕೃತ್ತು ಅಂತ ನಾವು ಕರೆಯುವ ಲಿವರಿಗೇ ಪೆಟ್ಟು. ಹಾಗೆಂದು ಡಾಕ್ಟರ ಹತ್ತಿರ ಹೋಗುವುದನ್ನು ಬಿಡುವಂತಿಲ್ಲ. ನಮ್ಮಂಥವರಿಗೆ ಪೊರೆ ಬೇಗ ಬರುತ್ತದೆ, ರೆಟಿನಾದ ನಡುಭಾಗದಲ್ಲಿ ನೀರು ತುಂಬಿ ಊದಿಕೊಳ್ಳುವುದೂ ಉಂಟು, ಇವೆರಡಕ್ಕೂ ಚಿಕಿತ್ಸೆ ಇದೆ. ನನಗೆ 44ಕ್ಕೆ ಪೊರೆ ತೆಗೆದ ಮೇಲೆ ಕೊಳವೆಯ ಒಳಗಿನ ಬೆಳಕು ತಿಳಿಯಾಯಿತು. ವರ್ಷಕ್ಕೊಮ್ಮೆ ಹೋಗಿ. ಕಿವಿಯನ್ನೂ ಒಮ್ಮೆ ತೋರಿಸಿಕೊಳ್ಳಿ, ಕೆಲವರಲ್ಲಿ ಆರ್‌ಪಿ ಜೊತೆ ಕಿವಿಯೂ ಮಂದವಾಗುತ್ತದೆ. ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರೂ ಕಣ್ಣು ತೋರಿಸಲಿ. ನನ್ನ ಅಪ್ಪ ಅಮ್ಮ ಸೋದರತ್ತೆ-ಸೋದರಮಾವನ ಮಕ್ಕಳು. ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ನನ್ನಲ್ಲಿ ಕೂಡಿಕೊಂಡಿತು. ಅಮ್ಮ ಇದು ತನ್ನ ತಪ್ಪು ಎಂದು ವರ್ಷಗಟ್ಟಲೆ ಕೊರಗಿದಳು. ನಿಮ್ಮ ತಾಯಿ ಇದ್ದರೆ ಅವರ ಹತ್ತಿರವೂ ಒಮ್ಮೆ ಕೂತು ಮಾತಾಡಿ.

ವ್ಯಾಯಾಮಕ್ಕೆ ನಡಿಗೆಗಿಂತ ದೊಡ್ಡದು ನನಗೆ ಸಿಕ್ಕಿಲ್ಲ. ನಡೆಯಬೇಕಾದರೆ ಬಿಳಿ ಕೋಲು ಬೇಕು. ಇನ್ನೂ ಕಾಣುತ್ತದಲ್ಲ, ಈಗಲೇ ಯಾಕೆ ಅನ್ನಬೇಡಿ, ಕಾಣುವಾಗ ಕಲಿತದ್ದು ಕೈಗೆ ಬೇಗ ಹತ್ತುತ್ತದೆ. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಎದೆಮೂಳೆಯ ಕೆಳತುದಿಗೆ ಬರುವಷ್ಟು ಉದ್ದ. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಇಟ್ಟಾಗ ಬಲಕ್ಕೆ. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಹುಬ್ಬಳ್ಳಿಯಲ್ಲಿ ಒಬ್ಬರು ಐದು ದಿನ ಕಲಿಸಿದರು. ಊರಲ್ಲಿ ಮೊದಲ ಸಲ ಕೋಲು ಹಿಡಿದು ಮೀನುಪೇಟೆಗೆ ಹೋದಾಗ ಕಾಲು ನಡುಗುತ್ತಿತ್ತು. ಮೀನು ಮಾರುವ ಅಮ್ಮ ಒಬ್ಬಳು ಅಷ್ಟು ಹೊತ್ತು ನೋಡಿ, "ಬಾ ತಂಗಿ, ಇಲ್ಲಿ ನೀರು ಚೆಲ್ಲಿದೆ, ಈ ಬದಿಗೆ ಬಾ" ಅಂದಳು. ಅಷ್ಟೇ ಆದದ್ದು.

ನಾನು ನಡೆಯುವುದು ಸಮುದ್ರ ದಂಡೆಯಲ್ಲಿ. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ, ಸಮತಟ್ಟಾಗಿ ಇರುತ್ತದೆ, ಕಲ್ಲಿಲ್ಲ, ಗಟಾರವಿಲ್ಲ, ವಾಹನವಿಲ್ಲ. ಕಾರವಾರದ ದಿಕ್ಕಿಗೆ ಹೊರಟರೆ ಸಮುದ್ರದ ಸದ್ದು ಎಡಗಿವಿಗೆ, ಮರಳುವಾಗ ಬಲಗಿವಿಗೆ, ದಾರಿ ತಪ್ಪುವ ಮಾತೇ ಇಲ್ಲ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಅದನ್ನು ಲೆಕ್ಕ ಹಿಡಿದು ಹೊರಡುತ್ತೇನೆ. ಎಚ್ಚರ ಇರಬೇಕಾದ್ದು ರಂಪಣಿ ಬಲೆಯ ಹಗ್ಗಕ್ಕೆ ಮಾತ್ರ, ಎಳೆಯುವವರ ಕೂಗು ಕೇಳಿದರೆ ನಿಲ್ಲುತ್ತೇನೆ. ಸಿರ್ಸಿಯಲ್ಲಿ ನಿಮಗೆ ಕಡಲಿಲ್ಲ. ಶಾಲೆಯ ಮೈದಾನ ನೋಡಿಕೊಳ್ಳಿ, ಬಿಸಿಲು ಬಿದ್ದ ಮೇಲೆ ಹೋಗಿ, ಬೆಳಗಿನ ಬೆಳಕು ಮೈಗೆ ಬಿದ್ದರೆ ರಾತ್ರಿಯ ನಿದ್ದೆಯೂ ದಾರಿಗೆ ಬರುತ್ತದೆ. ತೋಟದ ಸಂಕ, ಅಂದರೆ ಕಾಲುಸೇತುವೆ, ಒಬ್ಬರೇ ದಾಟುವುದು ಬೇಡ. ಮಳೆಗಾಲದಲ್ಲಿ ಅಂಗಳದ ಚಿರೆಕಲ್ಲು ಪಾಚಿಗಟ್ಟಿ ಜಾರುತ್ತದೆ, ನಾವು ಬಚ್ಚಲಿನ ದಾರಿಗೆ ತೆಂಗಿನ ಮಡಲು ಹಾಸುತ್ತೇವೆ. ಆ ನಾಲ್ಕು ತಿಂಗಳು ನಾನು ಜಗಲಿಯಲ್ಲೇ ಉದ್ದಕ್ಕೂ ಹಗ್ಗ ಕಟ್ಟಿ ಅದನ್ನು ಹಿಡಿದು ಅರ್ಧ ಗಂಟೆ ನಡೆಯುತ್ತೇನೆ. ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದನ್ನೂ ಮಾಡಿ. ಮೈಯ ಸಮತೋಲ ಹಿಡಿಯುವುದರಲ್ಲಿ ಕಣ್ಣಿನ ಪಾಲು ದೊಡ್ಡದು, ಅದು ಕಡಿಮೆಯಾದಾಗ ಕಾಲು ಆ ಕೆಲಸ ಕಲಿಯಬೇಕು.

ಮನೆಯವರಿಗೆ ಒಂದೇ ನಿಯಮ ಹೇಳಿ: ಬಾಗಿಲು ಒಂದೋ ಪೂರ್ತಿ ತೆರೆದಿರಲಿ, ಇಲ್ಲವೇ ಪೂರ್ತಿ ಮುಚ್ಚಿರಲಿ. ಅರ್ಧ ತೆರೆದ ಬಾಗಿಲಿನ ಅಂಚಿಗೆ ನನ್ನ ಹಣೆ ಮೂರು ಸಲ ಒಡೆದಿದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣ್ಣಿಗೆಂದೇ ಬೇರೆ ಊಟವಿಲ್ಲ, ಸಕ್ಕರೆ ಕಾಯಿಲೆ ಬರದ ಹಾಗೆ ನೋಡಿಕೊಳ್ಳಿ, ಅದು ಬಂದರೆ ಉಳಿದ ದೃಷ್ಟಿಗೂ ಕೈಹಾಕುತ್ತದೆ. ಅನ್ನ ಅರ್ಧ ಮಾಡಿದೆ, ಹರಿವೆ, ಬಸಳೆ, ಬಂಗಡೆ ಹೆಚ್ಚು ಮಾಡಿದೆ. ಮುಳ್ಳಿನ ಭಯಕ್ಕೆ ತಾರ್ಲೆ ಮೀನು ಬಿಟ್ಟಿದ್ದೆ, ಈಗ ಬೆರಳೇ ಮುಳ್ಳು ಹುಡುಕುತ್ತದೆ. ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಕಾಣುವುದೇ ಇಲ್ಲ, ಬಾಳೆಲೆಯ ಮೇಲೆ ಹಾಕಿದರೆ ಎದ್ದು ಕಾಣುತ್ತದೆ. ಎಲೆ ಇಲ್ಲದಾಗ ಗಾಢ ಬಣ್ಣದ ತಟ್ಟೆ ಬಳಸಿ.

ಇನ್ನು ಮನಸ್ಸು. ಈ ಕಾಯಿಲೆ ಕಂತಿನಲ್ಲಿ ಕಿತ್ತುಕೊಳ್ಳುತ್ತದೆ. ಮೊದಲು ನಕ್ಷತ್ರ ಹೋಯಿತು, ಆಮೇಲೆ ಸಂಜೆಯ ದಾರಿ, ಆಮೇಲೆ ಸೂಜಿಗೆ ದಾರ ಪೋಣಿಸುವುದು. ಒಂದಕ್ಕೆ ಹೊಂದಿಕೊಂಡೆ ಅನ್ನುವಷ್ಟರಲ್ಲಿ ಇನ್ನೊಂದು. ಪ್ರತಿ ಸಲವೂ ದುಃಖ ಹೊಸತಾಗಿಯೇ ಬರುತ್ತದೆ, ಹಳೆಯ ಧೈರ್ಯ ಸಾಕಾಗುವುದಿಲ್ಲ. ಬದುಕೇ ಬೇಡ ಅನಿಸಿದ ರಾತ್ರಿಗಳು ನನಗೆ ಇದ್ದವು, ತಂಗಿಗೆ ಹೇಳಿದೆ, ಅವಳು ಡಾಕ್ಟರ ಹತ್ತಿರ ಕರೆದೊಯ್ದಳು, ಎಂಟು ತಿಂಗಳು ಗುಳಿಗೆ ತೆಗೆದುಕೊಂಡೆ. ಈಗ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಂಥ ರಾತ್ರಿ ಬಂದರೆ ಬೆಳಗಾಗುವ ತನಕ ಕಾಯಬೇಡಿ.

ಇದರ ಜೊತೆ ಇನ್ನೊಂದು ಹೇಳಬೇಕು, ಯಾರೂ ಮೊದಲೇ ಹೇಳುವುದಿಲ್ಲ. ಸಕ್ಕರೆಯಿಂದ ಕಣ್ಣು ಹೋದ ನಮ್ಮ ದೊಡ್ಡಮ್ಮನಿಗೆ ಅಂಗಳದಲ್ಲಿ ಹೂ ಮುಡಿದ ಹೆಂಗಸರು ಸಾಲಾಗಿ ನಿಂತಂತೆ ಕಾಣುತ್ತಿತ್ತು. ಮಾತಿಲ್ಲ, ಸದ್ದಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಅವಳು ಆಮೇಲೆ ಹೇಳುವುದನ್ನೇ ನಿಲ್ಲಿಸಿದಳು. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಎಂದು ಹೆಸರು. 1760ರಲ್ಲಿ ಸ್ವಿಟ್ಜರ್ಲೆಂಡಿನ ಆ ವಿಜ್ಞಾನಿ ತನ್ನ ಅಜ್ಜನಿಗೆ ಹೀಗೆ ಕಂಡದ್ದನ್ನು ಬರೆದಿಟ್ಟ. ಕಣ್ಣಿನಿಂದ ಬರುವುದು ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ, ಹುಚ್ಚೂ ಅಲ್ಲ, ದೆವ್ವವೂ ಅಲ್ಲ. ದೊಡ್ಡಮ್ಮನಿಗೆ ಇದನ್ನು ಹೇಳಿದ ದಿನ ಅವಳು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಮುಂದೆ ನಿಮಗೂ ಏನಾದರೂ ಕಂಡರೆ ಡಾಕ್ಟರಿಗೆ ಹೇಳಿ, ಒಳಗೇ ಇಟ್ಟುಕೊಳ್ಳಬೇಡಿ.

ಜಾತ್ರೆಗೆ ಹೋಗಿ. ಎರಡು ವರ್ಷಕ್ಕೊಮ್ಮೆ ಬರುವುದು, ಮಗಳ ಈ ವಯಸ್ಸು ಮತ್ತೆ ಬರುವುದಿಲ್ಲ. ಮೊದಲು ಒಮ್ಮೆ ಹಗಲಲ್ಲಿ ಜಾತ್ರೆ ನಡೆಯುವ ಬಿಡ್ಕಿಬೈಲಿಗೆ ಹೋಗಿ ಗದ್ದುಗೆ ಎಲ್ಲಿ, ಅಂಗಡಿ ಸಾಲು ಎಲ್ಲಿ, ತೊಟ್ಟಿಲು ಎಲ್ಲಿ ಎಂದು ಕಾಲಲ್ಲಿ ಅಳೆದು ಬನ್ನಿ. ರಾತ್ರಿ ಹೋಗುವಾಗ ಹೆಂಡತಿಯೋ ತಮ್ಮನೋ ಜೊತೆಗಿರಲಿ, ಅವರು ನಿಮ್ಮನ್ನು ಹಿಡಿಯುವುದಲ್ಲ, ನೀವು ಅವರ ಮೊಣಕೈಯ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಿರಿ, ಅವರ ಮೈ ತಿರುಗಿದ್ದು, ಇಳಿದದ್ದು ನಿಮ್ಮ ಕೈಗೆ ತಿಳಿಯುತ್ತದೆ. ಕೋಲು ತೆರೆದೇ ಇರಲಿ, ಜನ ದಾರಿ ಬಿಡುತ್ತಾರೆ. ಮಗಳಿಗೆ ನಿಮ್ಮ ಕಣ್ಣಿನ ಹೊಣೆ ಹೊರಿಸಬೇಡಿ, ಅವಳಿಗೆ ಇಷ್ಟು ಹೇಳಿದರೆ ಸಾಕು: ಅಪ್ಪನ ಕೈ ಬಿಟ್ಟು ಎಲ್ಲಿಗೆ ಹೋದರೂ ಬಾಯಲ್ಲಿ ಹೇಳಿ ಹೋಗು, ಬಂದ ಮೇಲೆ ಬಂದೆ ಅಂತ ಹೇಳು.